ರಾತ್ರಿ ಮೈದಾನ ಬಿಡಬೇಡ, ವೇಗ ಬಿಡು

ಪ್ರೀತಿಯ ಗೆಳೆಯಾ,

ಹೋಟೆಲ್ ಶಟರ್ ಎಳೆದ ಮೇಲೆ ಶಿವಾಜಿ ಪಾರ್ಕಿಗೆ ಓಡಲು ಹೋಗುವುದನ್ನು ನಿಲ್ಲಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಬೇಡ ಮಾರಾಯ. ಓಡಿ ಬಂದರೆ ಎರಡು ಗಂಟೆಯಾದರೂ ಕಣ್ಣು ಹತ್ತುವುದಿಲ್ಲ, ರಾತ್ರಿ ವ್ಯಾಯಾಮ ಮಾಡಿದರೆ ನಿದ್ದೆ ಕೆಡುತ್ತದೆ ಅಂತ ರೂಮಿನವರೆಲ್ಲ ಹೇಳುತ್ತಾರೆ ಅನ್ನುತ್ತೀ. ಬೆಳಿಗ್ಗೆಯಿಂದ ಗಲ್ಲಾದಲ್ಲಿ ಕೂತವನಿಗೆ ಮೈ ಸಡಿಲಿಸಲು ಸಿಗುವುದು ಆ ಒಂದು ಹೊತ್ತು. ಅದನ್ನೂ ಕಳೆದುಕೊಳ್ಳಬೇಡ. ನಿನ್ನ ಹಾಗೆ ರಾತ್ರಿಯಷ್ಟೇ ಬಿಡುವು ಸಿಗುವ ನಮ್ಮೂರಿನವರು ಈ ಮುಂಬಯಿಯಲ್ಲಿ ತುಂಬ ಜನ ಇದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ರೂಮಿನವರ ಮಾತು ಅರ್ಧ ನಿಜ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ ಇಟಿಎಚ್ ವಿಶ್ವವಿದ್ಯಾಲಯದವರು 2018ರಲ್ಲಿ 23 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಆರೋಗ್ಯವಂತರಲ್ಲಿ ಸಂಜೆಯ ವ್ಯಾಯಾಮದಿಂದ ನಿದ್ದೆ ಕೆಡಲಿಲ್ಲ, ಗಾಢ ನಿದ್ದೆಯ ಪಾಲು ತುಸು ಹೆಚ್ಚೇ ಆಗಿತ್ತು. ತೊಂದರೆ ಕಂಡದ್ದು ಒಂದು ಕಡೆ: ಏದುಸಿರು ಬರುವಷ್ಟು ಜೋರಿನ ವ್ಯಾಯಾಮ ಮುಗಿಸಿ ಒಂದು ಗಂಟೆಯೊಳಗೆ ಹಾಸಿಗೆಗೆ ಹೋದಾಗ. ನೀನು ಮಾಡುತ್ತಿರುವುದು ಅದನ್ನೇ. ಹನ್ನೆರಡೂವರೆಯವರೆಗೆ ಓಟ, ಒಂದು ಗಂಟೆಗೆ ದಿಂಬು.

ನಿದ್ದೆ ಬರಬೇಕಾದರೆ ಮೈಯೊಳಗಿನ ಬಿಸಿ ಇಳಿಯಬೇಕು. ರಾತ್ರಿಯಾಗುತ್ತಿದ್ದಂತೆ ಅದು ತಾನಾಗಿಯೇ ಇಳಿಯುತ್ತಾ ಹೋಗಿ, ನಸುಕಿಗೆ ಮೊದಲು ಅತಿ ಕಡಿಮೆಯಾಗುತ್ತದೆ. ಜೋರಾಗಿ ಓಡಿದರೆ ಅದೇ ಬಿಸಿ ಮತ್ತೆ ಏರುತ್ತದೆ, ಎದೆಬಡಿತ ಏರುತ್ತದೆ, ಮೈಯನ್ನು ಎಚ್ಚರಿಸುವ ಅಡ್ರಿನಲಿನ್ ಹಾರ್ಮೋನು ಹರಿಯುತ್ತದೆ. ಎಲ್ಲ ತಣ್ಣಗಾಗಲು ಹೊತ್ತು ಬೇಕು, ನಮ್ಮ ಮುಂಬಯಿಯಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ನೀನು ಓಡಿ ಬಂದು ಕಿಟಕಿಯ ಸರಳಿಗೆ ಹಾಕಿದ ಬನಿಯನ್ ಬೆಳಿಗ್ಗೆ ಮುಟ್ಟಿ ನೋಡು, ಇನ್ನೂ ಹಸಿಯಾಗಿಯೇ ಇರುತ್ತದೆ. ಮೈಮೇಲಿನ ಬೆವರಿನ ಕಥೆಯೂ ಅದೇ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಕಡಲಿನ ತೇವ ತುಂಬಿದ ಈ ಗಾಳಿಯಲ್ಲಿ, ಅದರಲ್ಲೂ ಮೇ ತಿಂಗಳಲ್ಲಿ ಮತ್ತು ಮಳೆ ಬಿಟ್ಟ ಅಕ್ಟೋಬರಿನಲ್ಲಿ, ಅದು ಆರುವುದೇ ಇಲ್ಲ, ಸುರಿದು ಹೋಗುತ್ತದೆ. ಹಾಗಾಗಿ ನಿನಗೆ ಒಂದು ಗಂಟೆಯ ಅಂತರವೂ ಸಾಲದು ಅಂತ ನನ್ನ ಅಭಿಪ್ರಾಯ.

ಆದ್ದರಿಂದ ರಾತ್ರಿ ನಡೆ, ಓಡಬೇಡ. ಪಾರ್ಕಿನ ಕಟ್ಟೆಯ ಸುತ್ತು ಒಂದು ಕಿಲೋಮೀಟರಿಗೆ ಸ್ವಲ್ಪ ಮೇಲಿದೆ. ಎರಡು ಸುತ್ತು ಬಿರುಸಾಗಿ, ಮೂರನೆಯದು ನಿಧಾನವಾಗಿ ಹಾಕು. ಮಾತಾಡಿದರೆ ಮಾತು ತುಂಡಾಗಬಾರದು, ಅಷ್ಟೇ ವೇಗ ಸಾಕು. ಕಟ್ಟೆಯ ಮೇಲೆ ಆ ಹೊತ್ತಿನಲ್ಲೂ ಹರಟುತ್ತಾ ಕೂತವರಿರುತ್ತಾರೆ, ಬೇಸರವೇನೂ ಬಾರದು. ಬಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡು. ತಣ್ಣೀರೇ ಒಳ್ಳೆಯದಲ್ಲವೇ ಅನ್ನಿಸಬಹುದು, ಆದರೆ ಬೆಚ್ಚಗಿನ ನೀರಿಗೆ ಚರ್ಮದ ರಕ್ತನಾಳಗಳು ಅರಳಿ ಒಳಗಿನ ಬಿಸಿ ಸಲೀಸಾಗಿ ಹೊರಗೆ ಹೋಗುತ್ತದೆ. ಓಡಲೇಬೇಕೆಂಬ ಚಟಕ್ಕೆ ರಜೆಯ ದಿನವಿದೆ, ಮಧ್ಯಾಹ್ನ ಹೋಟೆಲ್ ಖಾಲಿಯಿರುವಾಗ ಬಿಡುವು ಸಿಕ್ಕರೆ ಅದೂ ಇದೆ.

ಆದರೆ ಇದಕ್ಕಿಂತ ನನಗೆ ದೊಡ್ಡ ಅನುಮಾನ ಇರುವುದು ನಿನ್ನ ಕಾಫಿಯ ಮೇಲೆ. ರಾತ್ರಿ ಗಿರಾಕಿಗಳ ಗಲಾಟೆ ಶುರುವಾಗುವ ಮೊದಲು, ಎಂಟು ಗಂಟೆಗೆ, ಒಂದು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುತ್ತೀಯಲ್ಲ? ಕಾಫಿಯಲ್ಲಿ ಎಚ್ಚರ ತರುವ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಅಂದರೆ ನೀನು ಮಲಗುವ ಒಂದು ಗಂಟೆಗೆ ಅರ್ಧ ಲೋಟ ಕಾಫಿ ಇನ್ನೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ದಿನವಿಡೀ ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ನಿದ್ದೆಗೆ ಎಳೆಯುತ್ತದೆ. ಕೆಫೀನ್ ಅದರ ಜಾಗದಲ್ಲಿ ಕೂತು ಆ ಎಳೆತವನ್ನು ತಡೆಯುತ್ತದೆ. ಓಟದ ಮೇಲೆ ತಪ್ಪು ಹೊರಿಸುವ ಮೊದಲು ಆ ಎಂಟರ ಕಾಫಿಯನ್ನು ಮಜ್ಜಿಗೆಗೆ ಬದಲಿಸಿ ನೋಡು. ಊಟವನ್ನೂ ಶಟರ್ ಎಳೆಯುವ ಮೊದಲೇ ಮುಗಿಸು, ನಡೆದು ಬಂದು ತಟ್ಟೆ ತುಂಬ ಅನ್ನ ಉಣ್ಣಬೇಡ.

ಬೆಳಕಿನದೂ ಒಂದು ಮಾತು. 2015ರಲ್ಲಿ ‘ರಾಣಿಯ ಹಾರ’ ಅಂತ ಕರೆಸಿಕೊಳ್ಳುವ ಕಡಲಂಚಿನ ಮರೀನ್ ಡ್ರೈವಿನ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಊರೆಲ್ಲ ಗದ್ದಲವಾಗಿತ್ತಲ್ಲ, ಹಾರದ ಅಂದ ಕೆಟ್ಟಿತು ಅಂತ. ನಿದ್ದೆಗೂ ಹಳದಿಯೇ ಮೇಲು. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನನ್ನು ಹೆಚ್ಚು ತಡೆಯುತ್ತದೆ. ರೂಮಿಗೆ ಬಂದ ಮೇಲೆ ಟ್ಯೂಬ್‌ಲೈಟ್ ಹಾಕಬೇಡ. ಎಷ್ಟು ಹೆಜ್ಜೆ ನಡೆದೆ ಅಂತ ಮೊಬೈಲ್ ತೆಗೆದು ಅಲ್ಲೇ ರೀಲ್ಸ್‌ಗೆ ಜಾರುವುದೂ ಬೇಡ.

ಇಷ್ಟೆಲ್ಲ ಮಾಡಿಯೂ ವಾರಕ್ಕೆ ಮೂರು ರಾತ್ರಿ ನಿದ್ದೆ ಬಾರದೆ ಮೂರು ತಿಂಗಳು ಎಳೆದರೆ ಡಾಕ್ಟರರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಅಲ್ಲಿಯವರೆಗೂ ಕಾಯದೆ ಹೋಗಿ ತೋರಿಸು. ನೀನು ಜೋರಾಗಿ ಗೊರಕೆ ಹೊಡೆಯುತ್ತೀ, ನಡುವೆ ಉಸಿರು ಕಟ್ಟಿದಂತಾಗುತ್ತದೆ ಎಂದು ರೂಮಿನವರು ಹೇಳಿದರೆ ಅದನ್ನೂ ಡಾಕ್ಟರರಿಗೆ ಮುಚ್ಚಿಡಬೇಡ. ಮಾತ್ರೆ ಮಾತ್ರ ಮೆಡಿಕಲ್‌ನಿಂದ ನೀನೇ ತಂದು ನುಂಗಬೇಡ, ನನ್ನಾಣೆ.

ಸೋಮವಾರ ರಜೆ ತಾನೆ? ಸಂಜೆ ಐದಕ್ಕೆ ಚರ್ಚ್‌ಗೇಟಿನಲ್ಲಿ ಇಳಿ. ಮರೀನ್ ಡ್ರೈವಿನಲ್ಲಿ ನಾರಿಮನ್ ಪಾಯಿಂಟಿನಿಂದ ಚೌಪಾಟಿಯವರೆಗೆ ಸುಮಾರು 3.6 ಕಿ.ಮೀ. ಆಗುತ್ತದೆ, ನಿನಗೆ ಬೇಕಾದಷ್ಟು ಜೋರಾಗಿ ಓಡು, ನಾನು ಹಿಂದೆ ಬರುತ್ತೇನೆ. ನೀರಿನ ಬಾಟಲಿ ತರಲು ಮರೆಯಬೇಡ.

ನಿನ್ನ,
ಮುಲುಂಡಿನ ಗೆಳೆಯ