ಮೀನು ಮಾರುಕಟ್ಟೆ ಹತ್ತಿರ ಕೂತ ಹೆಂಗಸರು

ಸಂಪಾದಕರೇ,

ಯುದ್ಧ ನಿಂತಿತು ಅಂದ್ರೆ ಪೇಪರಿನಲ್ಲಿ ಕೋಟು ಹಾಕಿಕೊಂಡು ಕೈ ಕುಲುಕುವ ಗಂಡಸರ ಫೋಟೋನೇ ಬರುತ್ತದೆ, ಅಲ್ವಾ? ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಅಂತರ್ಯುದ್ಧದ್ದು ಬೇರೆ ಕಥೆ. 2003ರಲ್ಲಿ ಶಾಂತಿ ಹೋರಾಟಗಾರ್ತಿ ಲೇಮಾ ಗ್ಬೋವೀ ಮತ್ತು ಜೊತೆಗಾರ್ತಿಯರು ಯುದ್ಧ ನಿಲ್ಲಿಸಿ ಅಂತ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಪಕ್ಕದ ಬಯಲಲ್ಲಿ ಬಿಳಿ ಟೀ ಶರ್ಟ್ ಹಾಕಿಕೊಂಡು ಕೂತರು. ಕ್ರೈಸ್ತರು, ಮುಸ್ಲಿಮರು ಒಟ್ಟಿಗೆ. ಬಿಸಿಲಿಗೂ ಏಳಲಿಲ್ಲ, ಮಳೆಗೂ ಏಳಲಿಲ್ಲ. ಆ ಜಾಗ ಸುಮ್ನೆ ಆರಿಸಿದ್ದಲ್ಲ, ಅಧ್ಯಕ್ಷ ಚಾರ್ಲ್ಸ್ ಟೇಲರ್ ಕಾರು ಓಡಾಡುತ್ತಿದ್ದ ರಸ್ತೆ ಅದು.

ಘಾನಾದ ಅಕ್ರಾದಲ್ಲಿ ಸರ್ಕಾರ ಮತ್ತು ಬಂಡುಕೋರರ ಶಾಂತಿ ಮಾತುಕತೆ ವಾರಗಟ್ಟಲೆ ಎಳೆದಾಗ ಈ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದ ಆಗುವವರೆಗೂ ಒಬ್ಬರನ್ನೂ ಹೊರಗೆ ಬಿಡಲ್ಲ ಅಂದರು. ಕಾವಲಿನವರು ಬಂಧಿಸಲು ಬಂದರೆ ಗ್ಬೋವೀ ಮೈಮೇಲಿನ ಬಟ್ಟೆ ಬಿಚ್ಚಲು ಕೈ ಹಾಕಿದರು. ತಾಯಿಯಾದವಳು ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಅಂತ ಅಲ್ಲಿನ ನಂಬಿಕೆ. ಬಂದವರು ಹಿಂದೆ ಸರಿದರು. ಆಗಸ್ಟ್ 18ಕ್ಕೆ ಒಪ್ಪಂದವಾಯಿತು. 2011ರಲ್ಲಿ ಗ್ಬೋವೀಗೆ ನೊಬೆಲ್ ಶಾಂತಿ ಪ್ರಶಸ್ತಿ ಕೂಡ ಬಂತು.

ಇಷ್ಟೆಲ್ಲ ಇದ್ದರೂ ಜಾಸ್ತಿ ಸುದ್ದಿಯಾಗಿದ್ದು ಈ ಹೆಂಗಸರು ಯುದ್ಧ ನಿಲ್ಲುವವರೆಗೂ ಗಂಡಂದಿರ ಜೊತೆ ಮಲಗಲ್ಲ ಅಂದ ಮುಷ್ಕರ. ಅದರಿಂದ ಪ್ರಚಾರ ಸಿಕ್ಕಿತೇ ಹೊರತು ಅಂಥ ಪರಿಣಾಮವೇನೂ ಆಗಲಿಲ್ಲ ಎಂದು ಗ್ಬೋವೀಯೇ ಹೇಳಿದ್ದಾರೆ. ನೀವಾದರೂ ಮುಂದಿನ ಸಲ ಆ ಬಯಲಿನ ಬಗ್ಗೆ ಬರೆಯಿರಿ.

ಒಬ್ಬ ಓದುಗಳು, ಧಾರವಾಡ