ಹೊಟ್ಟೆ ಕೊಯ್ಯದೆ ನನ್ನನ್ನು ಉಳಿಸಿದವರಿಗೆ

ಕಳೆದ ವಾರ ಮೈಸೂರಿನಲ್ಲಿ ಒಂದು ವರ್ಷದ ತಪಾಸಣೆ ಮುಗಿಯಿತು. ಪಿತ್ತವನ್ನು ಕರುಳಿಗೆ ಇಳಿಸುವ ಪಿತ್ತನಾಳದ ಬಾಯಲ್ಲಿ ಗಡ್ಡೆ ಇದ್ದ ಜಾಗ ಚೆನ್ನಾಗಿ ಮಾಗಿದೆ. ಅಲ್ಲಿಂದ ತೆಗೆದು ಪರೀಕ್ಷೆಗೆ ಕಳಿಸಿದ ಚೂರಿನಲ್ಲೂ ಏನೂ ಇಲ್ಲ ಅಂತ ರಿಪೋರ್ಟ್ ಬಂದಿದೆ. ವಿಚಾರಿಸಿದವರಿಗೆಲ್ಲ ಫೋನಿನಲ್ಲಿ ಹೇಳಿದ್ದೇನೆ. ಆದರೂ ಕೆಲವರ ಋಣವನ್ನು ನಾಲ್ಕು ಜನರ ಎದುರು ಹೇಳಲೇಬೇಕು.

ಮೊದಲು ಕೊಡಗಿನ ನಮ್ಮ ನಾಪೋಕ್ಲು ಕಡೆಯ ಮೆಡಿಕಲ್ ಶಾಪಿನ ತಮ್ಮನಿಗೆ. ಆಗ ನನಗೆ ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ. ಹಚ್ಚಿಕೊಳ್ಳೋಕೆ ಮುಲಾಮು ಕೊಡಿ ಅಂತ ಕೇಳಿದೆ. ಅವರು ಕೌಂಟರ್ ದಾಟಿ ಹೊರಗೆ ಬಂದರು. "ಅಕ್ಕಾ, ಸ್ವಲ್ಪ ಬೆಳಕಿಗೆ ಬನ್ನಿ" ಅಂದು ನನ್ನ ಕಣ್ಣನ್ನೇ ನೋಡಿದರು. "ಮೂತ್ರ ಬೆಲ್ಲದ ಕಾಫಿ ಬಣ್ಣಕ್ಕೆ ಬರ್ತಿದೆಯಾ? ಮಲ ಬಿಳಿಚಿಕೊಂಡಿದೆಯಾ?" ಎಂದು ಮುಜುಗರವಿಲ್ಲದೆ ಕೇಳಿದರು. ಎರಡಕ್ಕೂ ಹೌದು. ಮುಲಾಮು ಕೊಡಲೇ ಇಲ್ಲ. "ಇವತ್ತೇ ರಕ್ತ ಕೊಟ್ಟು ಬನ್ನಿ. ಕಾಮಾಲೆಗೆ ನಾಟಿ ಮದ್ದು ಅಂತ ದಿನ ಕಳೀಬೇಡಿ" ಎಂದರು.

ಅವರು ಹೇಳಿದ್ದು ಎಷ್ಟು ಸರಿ ಅಂತ ಆಮೇಲೆ ಗೊತ್ತಾಯಿತು. ವೈರಸ್ಸಿನಿಂದ ಬರುವ ಕಾಮಾಲೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ನಾಳ ಕಟ್ಟಿಕೊಂಡು ಬರುವ ಕಾಮಾಲೆ ಹಾಗಲ್ಲ. ಕರುಳಿಗೆ ಇಳಿಯಬೇಕಾದ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿಯಾಗುವುದು, ಮೈ ತುರಿಸುವುದು ಅದಕ್ಕೇ. ಕಟ್ಟಿದ್ದನ್ನು ಬಿಡಿಸದೆ ಅದು ಇಳಿಯುವುದಿಲ್ಲ. ಹಾಗೇ ಬಿಟ್ಟರೆ ನಾಳದಲ್ಲಿ ಸೋಂಕಾಗಿ ಚಳಿಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು.

ಮಡಿಕೇರಿಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮನಿಗೂ ನನ್ನ ನಮಸ್ಕಾರ. "ಕಲ್ಲು ಕಾಣಿಸ್ತಿಲ್ಲ, ನಾಳ ಮಾತ್ರ ಊದಿದೆ. ಕೆಳಗಡೆ ಏನೋ ಅಡ್ಡ ಇರಬೇಕು" ಎಂದವರು ತಾವೇ ಮೈಸೂರಿಗೆ ಫೋನ್ ಮಾಡಿ ಮಾತಾಡಿದರು. ಈ ಥರದ ಚಿಕಿತ್ಸೆಗೆ ಕೊಡಗಿನವರು ಇವತ್ತಿಗೂ ಮೈಸೂರಿಗೋ ಮಂಗಳೂರಿಗೋ ಓಡುತ್ತೇವೆ, ಅಲ್ವಾ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು 2019ರಲ್ಲಿ ನಮ್ಮ ಹುಡುಗರು ದನಿ ಎತ್ತಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಹೋಗುವಾಗ ಆ ಬೇಡಿಕೆಯ ಬೆಲೆ ನನಗೆ ಚೆನ್ನಾಗಿ ತಿಳಿಯಿತು.

ಮೈಸೂರಿನ ಡಾಕ್ಟ್ರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ರಿಪೋರ್ಟಿನ ಹಿಂಬದಿಯಲ್ಲಿ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಪಿತ್ತನಾಳವೂ ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ನಾಳವೂ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಂದೇ ಕಡೆ ಬಂದು ತೆರೆದುಕೊಳ್ಳುತ್ತವೆ. ನನ್ನ ಗಡ್ಡೆ ಇದ್ದದ್ದು ಆ ಬಾಯಲ್ಲೇ. ಅದರ ಒಂದು ತುದಿ ಪಿತ್ತನಾಳದ ಒಳಗೂ ಸ್ವಲ್ಪ ಹೋಗಿತ್ತು. ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಎಂದು ಬಂತು. "ಈಗ ಕ್ಯಾನ್ಸರ್ ಅಂತ ಅಲ್ಲ, ಬಿಟ್ಟರೆ ಆಗಬಹುದು ಅಂತ ತೆಗೀತೀವಿ. ಪೂರ್ತಿ ತೆಗೆದು ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಸಿಕ್ಕಿದರೆ ದೊಡ್ಡ ಆಪರೇಷನ್ ಬೇಕಾಗಬಹುದು" ಎಂದರು. ಮೊದಲೇ ಹೀಗೆ ಬಿಡಿಸಿ ಹೇಳಿದ್ದರಿಂದಲೇ ನನಗೆ ಧೈರ್ಯ ಬಂತು. ಆ ದೊಡ್ಡ ಆಪರೇಷನ್ನಿನ ಹೆಸರು ವಿಪಲ್. ಪ್ಯಾಂಕ್ರಿಯಾಸಿನ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲ ತೆಗೆದು ಮತ್ತೆ ಜೋಡಿಸಬೇಕಂತೆ.

ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವುದು ಹೊಸ ಪ್ರಯೋಗವೇನೋ ಎಂದು ನಮ್ಮವರಿಗೆ ಭಯ. ಡಾಕ್ಟ್ರು ಸಮಾಧಾನವಾಗಿ ಕೂತು ಹೇಳಿದರು. ಕೊಳವೆ ಇಳಿಸಿ ಈ ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇಯಲ್ಲಿ ನೋಡಿದ್ದನ್ನು ಅಮೆರಿಕದ ವೈದ್ಯರು 1968ರಲ್ಲೇ ಪ್ರಕಟಿಸಿದ್ದರು. ನಾಳದ ಬಾಯನ್ನು ಒಳಗಿನಿಂದಲೇ ಕೊಯ್ದು ಬಿಡಿಸಿದ್ದನ್ನು 1974ರಲ್ಲಿ ಜರ್ಮನಿಯವರೂ ಜಪಾನಿನವರೂ ಬೇರೆಬೇರೆಯಾಗಿ ವರದಿ ಮಾಡಿದರು. ಎಂದೂ ಕಾಣದ ಆ ವೈದ್ಯರಿಗೂ ನಾನು ಕೈ ಮುಗಿಯುತ್ತೇನೆ.

ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಮೊದಲು ಅದರ ಇಂಜೆಕ್ಷನ್ ಕೊಟ್ಟರು. ಆಮೇಲೆ ಮತ್ತು ಬರಿಸುವ ಔಷಧಿ ಕೊಟ್ಟರು. ಪಕ್ಕಕ್ಕೆ ನೋಡುವ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತಂತಿಯ ಕುಣಿಕೆ ಹಾಕಿ, ಕರೆಂಟ್ ಕೊಟ್ಟು ಗಡ್ಡೆಯನ್ನು ಬುಡಸಮೇತ ಕತ್ತರಿಸಿದರು. ನಾಳದೊಳಗೆ ಉಳಿದಿದ್ದ ತುದಿಯನ್ನು ರೇಡಿಯೋ ತರಂಗದ ಶಾಖದಿಂದ ಸುಟ್ಟರು. ಪ್ಯಾಂಕ್ರಿಯಾಸ್ ಊದಿಕೊಳ್ಳದಿರಲಿ ಎಂದು ಅದರ ನಾಳಕ್ಕೆ ಸಣ್ಣ ಸ್ಟೆಂಟ್ (ನಾಳ ಮುಚ್ಚದಂತೆ ಇಡುವ ಕೊಳವೆ), ಪಿತ್ತನಾಳಕ್ಕೆ ಇನ್ನೊಂದು. ಎರಡನ್ನೂ ಆಮೇಲೆ ತೆಗೆದರು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ತೆಗೆದ ಗಡ್ಡೆಯಲ್ಲಿ ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂದ ದಿನ ನಮ್ಮವರು ವಾರ್ಡಿನಲ್ಲೇ ಗಳಗಳ ಅತ್ತುಬಿಟ್ಟರು.

ಆ ವಾರ್ಡಿನ ರಾತ್ರಿ ಪಾಳಿಯ ಸಿಸ್ಟರನ್ನು ನಾನು ಯಾವತ್ತೂ ಮರೆಯಲಾರೆ. ಚಿಕ್ಕ ಹುಡುಗಿ. ನಾನು ಆರಾಮಾಗಿದ್ದೇನೆ ಅಂದರೂ ಬಿಡದೆ, "ಆಂಟಿ, ಮಲ ಯಾವ ಬಣ್ಣಕ್ಕಿತ್ತು?" ಎಂದು ಕೇಳಿದಳು. ಕಪ್ಪಗಿತ್ತು ಅಂದೆ. ತಕ್ಷಣ ನಾಡಿ ಹಿಡಿದು, ಬಿಪಿ ನೋಡಿ, ಡಾಕ್ಟ್ರನ್ನು ಎಬ್ಬಿಸಿದಳು. ಕತ್ತರಿಸಿದ ಜಾಗದಿಂದ ಒಳಗೇ ರಕ್ತ ಸೋರುತ್ತಿತ್ತು. ಮತ್ತೆ ಕೊಳವೆ ಇಳಿಸಿ ಕ್ಲಿಪ್ ಹಾಕಿ ನಿಲ್ಲಿಸಿದರು. ಅವಳು ಸುಮ್ನೆ ಹೋಗಿದ್ದರೆ ಬೆಳಗಾಗುವಷ್ಟರಲ್ಲಿ ಏನಾಗುತ್ತಿತ್ತೋ. ಕಂದಾ, ನೀನು ಎಲ್ಲೇ ಇರು, ಚೆನ್ನಾಗಿರು.

ಮೈಸೂರಿನ ನಾದಿನಿ ತಿಂಗಳುಗಟ್ಟಲೆ ಎಣ್ಣೆ ಕಡಿಮೆ ಹಾಕಿ ಬೇರೆ ಅಡುಗೆಯನ್ನೇ ಮಾಡಿದಳು. ಒಂದು ದಿನವೂ ಬೇಸರ ತೋರಿಸಲಿಲ್ಲ.

ಕೊನೆಗೆ ನಮ್ಮ ಅಕ್ಕಪಕ್ಕದವರು. ನಾನು ಮಲಗಿದ್ದದ್ದು ರೋಬಸ್ಟಾ ಕಾಫಿ ಕುಯ್ಲಿನ ಸಮಯ. ಆಳು ಸಿಗದೆ ಎಲ್ಲರೂ ಒದ್ದಾಡುವ ಹೊತ್ತು. ಹಾಗಿದ್ದೂ ತಮ್ಮ ತೋಟದ ಕೆಲಸ ನಿಲ್ಲಿಸಿ ನಮ್ಮ ಹಣ್ಣು ಕುಯ್ದರು, ಕಣದಲ್ಲಿ ಹರವಿದರು, ಒಣಗಿದ್ದನ್ನು ಮೂಟೆ ಕಟ್ಟಿ ಒಳಗಿಟ್ಟರು. ತೋಟದ ಕೆಲಸದವರ ಲೈನ್ ಮನೆಯ ಅಕ್ಕಂದಿರು ಆ ವಾರದ ಕೂಲಿ ಬೇಡವೇ ಬೇಡ ಅಂದರಂತೆ. ಆ ಕೂಲಿ ಈ ತಿಂಗಳು ನಿಮ್ಮ ಕೈಗೆ ಬರುತ್ತದೆ, ದಯವಿಟ್ಟು ಬೇಡ ಅನ್ನಬೇಡಿ. ಪಕ್ಕದ ತೋಟದವರೇ, ಭಾರ ಎತ್ತಬಹುದು ಎಂದು ಡಾಕ್ಟ್ರು ಒಪ್ಪಿಗೆ ಕೊಟ್ಟಿದ್ದಾರೆ. ಈ ಸಲ ನಿಮ್ಮ ಕುಯ್ಲಿಗೆ ನಾವಿಬ್ಬರೂ ಬರುತ್ತೇವೆ. ಯಾವತ್ತು ಶುರು ಅಂತ ಹೇಳಿ ಸಾಕು.