ಮೊದಲು ಉಣ್ಣಲು ಕಲಿಯಿರಿ

ಬಲ್ಮಠ, ಮಂಗಳೂರು

ಪ್ರೀತಿಯ ಮಗಳೇ,

ನಿನಗೂ ಅಳಿಯಂದಿರಿಗೂ ಮಕ್ಕಳಿಬ್ಬರಿಗೂ ದೊಡ್ಡಮ್ಮನ ಆಶೀರ್ವಾದ.

ಮೇ ತಿಂಗಳಲ್ಲಿ ಆಕ್ಲೆಂಡ್ ಬಿಟ್ಟು ಫಿಜಿಗೆ, ಅಲ್ಲಿಂದ ತುವಾಲು ಎಂಬ ಪುಟ್ಟ ದ್ವೀಪದೇಶಕ್ಕೆ ಹಾಯಿದೋಣಿಯಲ್ಲೇ ಹೊರಡುತ್ತೀರಿ ಎಂದು ನಿನ್ನ ಅಮ್ಮ ಹೇಳಿದಳು. ಅವಳು ಅಳುತ್ತಾ ಹೇಳಿದಳು, ನಾನು ಹೊಟ್ಟೆಕಿಚ್ಚಿನಿಂದ ಕೇಳಿದೆ. ಗಾಳಿ, ಅಲೆ, ಹಾಯಿಯ ವಿಚಾರ ಅಳಿಯಂದಿರಿಗೆ ಗೊತ್ತಿದೆ. ನವೆಂಬರಿನಲ್ಲಿ ಚಂಡಮಾರುತದ ಕಾಲ ಶುರುವಾಗುವ ಮೊದಲು ಆ ನೀರಿನಿಂದ ಹೊರಬಂದರೆ ಸಾಕು. ನನ್ನನ್ನು ಯೋಚನೆಗೆ ಹಚ್ಚಿದ್ದು ನೀನು ಕಳುಹಿಸಿದ ಪಟ್ಟಿ. ಔಷಧಿ, ಓದುವ ಕನ್ನಡಕ, ಸಂಡೇ ಸ್ಕೂಲಿನ ಪುಸ್ತಕ, ಬಟ್ಟೆ, ಎಲ್ಲವೂ ಆ ದ್ವೀಪಗಳ ಜನರಿಗೆ ಕೊಡುವುದಕ್ಕೆ. ಅವರ ಕೈಯಿಂದ ನೀವು ತೆಗೆದುಕೊಳ್ಳಬೇಕಾದದ್ದರ ಬಗ್ಗೆ ಒಂದು ಸಾಲೂ ಇಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಆ ಸಾಲಿಗಾಗಿ.

ನೀವು ಹೋಗುವ ತುವಾಲುವಿಗೆ ಸುವಾರ್ತೆ ಹೇಗೆ ಬಂತು ಎಂಬುದನ್ನು ಮಕ್ಕಳಿಗೆ ಹೇಳಿದ್ದೀಯಾ? 1861ರಲ್ಲಿ, ಈಗ ಕುಕ್ ದ್ವೀಪಗಳಿಗೆ ಸೇರಿರುವ ಮನಿಹಿಕಿಯ ಎಲೆಕಾನಾ ಎಂಬ ಕ್ರೈಸ್ತ ಸಭೆಯ ಹಿರಿಯ, ಪಕ್ಕದ ರಕಹಾಂಗಕ್ಕೂ ತನ್ನೂರಿಗೂ ನಡುವೆ ದೋಣಿಯಲ್ಲಿದ್ದಾಗ ಬಿರುಗಾಳಿಗೆ ಸಿಕ್ಕಿದ. ಎರಡೂ ದ್ವೀಪಗಳ ನಡುವೆ ಇರುವುದು 40 ಕಿಲೋಮೀಟರ್ ಚಿಲ್ಲರೆ. ಗಾಳಿ ಅವರನ್ನು ಸುಮಾರು ಎಂಟು ವಾರ ಪಶ್ಚಿಮಕ್ಕೆ ಎಳೆದೊಯ್ದಿತು. ಜೊತೆಗಿದ್ದವರಲ್ಲಿ ಕೆಲವರು ಸತ್ತರು. ಉಳಿದವರು ಬಂದು ಬಿದ್ದದ್ದು ತುವಾಲುವಿನ ನುಕುಲಾಯ್ಲಾಯ್ ಹವಳದ್ವೀಪದಲ್ಲಿ. ಊರಿನವರು ಅವರನ್ನು ಉಪಚರಿಸಿದರು, ಉಣ್ಣಲು ಕೊಟ್ಟು ಬದುಕಿಸಿದರು. ಆಮೇಲೆ ಅವನ ಬಳಿ ಇದ್ದ ಬೈಬಲನ್ನು ನೋಡಿ ಓದಲು ಕಲಿಸು ಎಂದು ಕೇಳಿದರು. ಇದ್ದದ್ದು ಒಂದೇ ಪುಸ್ತಕ. ಅವನು ಹಾಳೆಗಳನ್ನು ಹರಿದು ಹಂಚಿದ. ಕೆಲವು ತಿಂಗಳು ಕಲಿಸಿ, ಸಮೋವಾದ ಮಾಲುವಾ ಶಾಲೆಗೆ ಹೋಗಿ ತಾನೂ ಕಲಿತು, 1865ರಲ್ಲಿ ಲಂಡನ್ ಮಿಶನ್ನಿನವರ ಜೊತೆ ಆ ದ್ವೀಪಗಳಿಗೆ ಮರಳಿದ.

ಗಮನಿಸು, ಅವನಲ್ಲಿ ಪಟ್ಟಿ ಇರಲಿಲ್ಲ. ಒಂದು ಗುಟುಕು ನೀರಿಗೂ ಅವರ ಕೈಯನ್ನೇ ನೋಡಬೇಕಾದ ಸ್ಥಿತಿಯಲ್ಲಿ ಅವನು ಆ ಮರಳಿನ ಮೇಲೆ ಕಾಲಿಟ್ಟ. ಅವನ ಮಾತನ್ನು ಅವರು ಕಿವಿಗೊಟ್ಟು ಕೇಳಿದ್ದಕ್ಕೆ ಅದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಪಾಸ್ಟರರು ಇದನ್ನು ಒಪ್ಪದಿರಬಹುದು, ಇರಲಿ.

ಕಥೆಯ ಉಳಿದ ಭಾಗವನ್ನು ಸಂಡೇ ಸ್ಕೂಲಿನಲ್ಲಿ ಹೇಳುವುದಿಲ್ಲ. ಎಲೆಕಾನಾ ಸಮೋವಾಕ್ಕೆ ಹೋದ ಮೇಲೆ, 1863ರಲ್ಲಿ, ಪೆರು ದೇಶಕ್ಕೆ ಕೂಲಿಗಳನ್ನು ಹಿಡಿದೊಯ್ಯುವ ಹಡಗುಗಳು ನುಕುಲಾಯ್ಲಾಯ್ ದ್ವೀಪಕ್ಕೆ ಬಂದವು. ದೇವರ ವಿಷಯ ಕಲಿಸುವ ಕಡೆಗೆ ಕರೆದೊಯ್ಯುತ್ತೇವೆ ಎಂದು ನಂಬಿಸಿ ಸುಮಾರು 250 ಮಂದಿಯನ್ನು ಹತ್ತಿಸಿಕೊಂಡರು. ಮುನ್ನೂರರಷ್ಟು ಜನರಿದ್ದ ದ್ವೀಪದಲ್ಲಿ ನೂರು ಮಂದಿಯೂ ಉಳಿಯಲಿಲ್ಲ. ಎಲೆಕಾನಾನನ್ನು ಉಳಿಸಿದ ಅದೇ ಒಳ್ಳೆಯತನ, ಅದೇ ಕಲಿಯುವ ಆಸೆ ಅವರನ್ನು ಆ ಹಡಗಿಗೆ ಹತ್ತಿಸಿತು. ಹೊರಗಿನ ದೋಣಿಯೊಂದು ದೇವರ ಹೆಸರು ಹೇಳುತ್ತಾ ಬಂದಾಗ ಆ ಸಮುದ್ರದ ಜನ ಏನೇನು ಕಂಡಿದ್ದಾರೆ ಎಂಬುದನ್ನು ತಿಳಿದೇ ಲಂಗರು ಹಾಕಿ. ಆದ್ದರಿಂದ ಅಳಿಯಂದಿರಿಗೆ ಒಂದು ಮಾತು ಹೇಳು: ಹುಡುಗನನ್ನು ಓದಿಸುತ್ತೇವೆ, ಮುಂದಿನ ವರ್ಷ ಯಂತ್ರ ತರುತ್ತೇವೆ ಎಂಬ ಮಾತುಗಳು ಊಟದ ಖುಷಿಯಲ್ಲಿ ಬಾಯಿಂದ ಬರಬಾರದು. ನೀವು ಮರೆಯುತ್ತೀರಿ, ಅವರು ದಾರಿ ಕಾಯುತ್ತಾರೆ.

ನಮ್ಮ ಮನೆಯ ವಿಷಯಕ್ಕೇ ಬರುತ್ತೇನೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದನ್ನು ಪ್ರತಿ ಉತ್ಸವದಲ್ಲೂ ಹೇಳುತ್ತೇವೆ. ಹೆಬಿಕ್, ಲೇನರ್, ಗ್ರೈನರ್ ಎಂದು ಮಕ್ಕಳಿಗೂ ಬಾಯಿಪಾಠ. ಅವರಿಗೆ ಗಂಜಿ ಕೊಟ್ಟವರು ಯಾರು, ತುಳುವಿನ ಮೊದಲ ನಾಲ್ಕು ಮಾತು ಕಲಿಸಿದವರು ಯಾರು ಎಂದು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ನೀನು ಡೈರಿ ಬರೆಯುವವಳು. ನಿನ್ನ ಡೈರಿಯಲ್ಲಿ ಅಡುಗೆ ಮಾಡಿದವರ ಹೆಸರು ಇರಲಿ.

ಇನ್ನು ನಡವಳಿಕೆ. ಫಿಜಿಯ ಹೊರದ್ವೀಪಗಳಲ್ಲಿ ಲಂಗರು ಹಾಕಿದ ಕೂಡಲೇ ಈಜಲು ಹಾರುವುದು, ಗಾಳ ಹಾಕುವುದು ಸಲ್ಲದು. ಅಲ್ಲಿನ ಕಡಲೂ ಊರಿಗೆ ಸೇರಿದ್ದು. ಮೊದಲು ದಡಕ್ಕೆ ಹೋಗಿ ಊರಿನ ಹಿರಿಯರಿಗೆ ಯಂಗೋನಾ, ಅಂದರೆ ಕಾವಾ ಗಿಡದ ಬೇರಿನ ಕಟ್ಟು ಒಪ್ಪಿಸಬೇಕು. ಸೇವುಸೇವು ಎಂದರೆ ಅದೇ. ಅರ್ಧ ಕಿಲೋದಷ್ಟು ಇರಲಿ, ರಾಜಧಾನಿ ಸುವಾದ ಮಾರುಕಟ್ಟೆಯಲ್ಲಿ ಸಿಗುತ್ತದೆ. ತಲೆಯ ಮೇಲೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಬೇಡ. ಮೊಣಕಾಲು ಮುಚ್ಚುವ ಬಟ್ಟೆ, ಚಾಪೆಯ ಮೇಲೆ ಚಕ್ಕಳಮಕ್ಕಳ. ಮಕ್ಕಳಿಗೆ ಈಗಲೇ ನೆಲದಲ್ಲಿ ಕೂರಿಸಿ ಅಭ್ಯಾಸ ಮಾಡಿಸು, ಸೋಫಾದಲ್ಲಿ ಬೆಳೆದವು. ಆ ಬೇರನ್ನು ನೀರಿನಲ್ಲಿ ಹಿಂಡಿ ಅವರು ಕೊಡುವ ಪಾನೀಯ ಸಾರಾಯಿಯಲ್ಲ. ಫಿಜಿಯ ಮೆಥಡಿಸ್ಟ್ ಬೋಧಕರೇ ಆ ಬಟ್ಟಲಿನ ಸುತ್ತ ಕೂರುತ್ತಾರೆ. ಕುಡಿಯಲು ಮನಸ್ಸು ಒಪ್ಪದಿದ್ದರೆ ವಿನಯದಿಂದ ಬೇಡ ಎನ್ನಬಹುದು. ಮುಖ ಸಿಂಡರಿಸಬಾರದು ಅಷ್ಟೇ.

ಊಟ ನಿನಗೆ ಹೊಸದೆನಿಸಲಾರದು. ಜೀಗುಜ್ಜೆ, ಕೆಸುವಿನ ಗಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನ ಎಲೆ, ಮೀನು. ತುವಾಲುವಿನಲ್ಲಿ ತೆಂಗಿನ ಮರದಿಂದ ಸಿಹಿಯಾದ ಕಳ್ಳನ್ನೂ ಇಳಿಸುತ್ತಾರೆ. ನಿನ್ನ ಅಜ್ಜ ಇದ್ದಿದ್ದರೆ ಅಲ್ಲೇ ನೆಲೆಸುತ್ತಿದ್ದರು. ಬಡಿಸಿದ್ದನ್ನು ಉಣ್ಣಿರಿ ಎಂದೇ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಸ್ವಾಮಿ ತನ್ನವರನ್ನು ಕಳುಹಿಸಿದ್ದು, ಅದೂ ಹಣದ ಚೀಲವಿಲ್ಲದೆ. ಮನೆಯಿಂದ ಮನೆಗೆ ಹೋಗಬೇಡಿ ಎಂದೂ ಅಲ್ಲೇ ಇದೆ. ಇನ್ನೊಂದು ಮನೆಯ ಊಟ ಚೆನ್ನಾಗಿದೆ ಎಂದು ಮೊದಲು ಕರೆದವರನ್ನು ಬಿಡಬೇಡ. ಪೌಲನೂ ಹಡಗು ಒಡೆದು ಮೆಲೀತೆ (ಈಗಿನ ಮಾಲ್ಟಾ) ದ್ವೀಪಕ್ಕೆ ಬಿದ್ದಾಗ ಮಳೆಯಲ್ಲಿ ನಡುಗುತ್ತಾ ಅಪರಿಚಿತರು ಹಚ್ಚಿದ ಬೆಂಕಿಗೆ ಮೈಕಾಯಿಸಿಕೊಂಡವನೇ. ರೋಗಿಗಳನ್ನು ಗುಣಪಡಿಸಿದ್ದು ಆಮೇಲೆ. ಫಿಜಿಯಲ್ಲಿ ನಮ್ಮ ದೇಶದವರಿಗೂ ಇಂಥ ಋಣವಿದೆ. 1884ರಲ್ಲಿ ಗಿರ್ಮಿಟ್, ಅಂದರೆ ಕರಾರಿನ ಕೂಲಿಗಳನ್ನು ಹೊತ್ತು ತಂದ ಸಿರಿಯಾ ಹಡಗು ನಸಿಲಾಯ್ ಹವಳದಿಬ್ಬಕ್ಕೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತಾಗ, ಬದುಕಿ ದಡ ಸೇರಿದವರಿಗೆ ನೆರವಾದವರಲ್ಲಿ ಅಲ್ಲಿನ ಹಳ್ಳಿಯವರೂ ಇದ್ದರು.

ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರು: ನೀರು. ಹವಳದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಾಡಿನಿಂದ ತೊಟ್ಟಿಗೆ ಇಳಿದ ಮಳೆನೀರೇ ಜೀವ. 2011ರಲ್ಲಿ ಮಳೆ ಕೈಕೊಟ್ಟು ತುವಾಲುವಿನಲ್ಲಿ ತುರ್ತುಸ್ಥಿತಿ ಸಾರಬೇಕಾಯಿತು. ರಾಜಧಾನಿ ಫುನಾಫುಟಿಯಲ್ಲಿ ಆಗ ಮನೆಗೆ ದಿನಕ್ಕೆ ಎರಡೇ ಬಕೆಟ್ ನೀರು. ಎಲೆಕಾನಾನನ್ನು ಉಳಿಸಿದ ನುಕುಲಾಯ್ಲಾಯ್ ಕೂಡ ಆ ಬರದಲ್ಲಿ ಬೆಂದಿತು. ಅವರು ಪುಲಕ ಗಡ್ಡೆ ಬೆಳೆಯುವುದು ಸಿಹಿನೀರಿನ ಮಟ್ಟದವರೆಗೆ ಅಗೆದ ಹೊಂಡಗಳಲ್ಲಿ. ಅದಕ್ಕೆ ಉಪ್ಪು ನುಗ್ಗಿದರೆ ಬೆಳೆ ಸತ್ತಂತೆಯೇ. ಕೇಳಿದರೆ ಅವರು ಇಲ್ಲ ಎನ್ನಲಾರರು, ಆದ್ದರಿಂದ ನೀವು ಕೇಳಲೇಬಾರದು. ದೋಣಿಯ ತೊಟ್ಟಿ ತುಂಬಿಕೊಂಡೇ ಹೋಗಿ, ಬಟ್ಟೆ ಒಗೆಯುವುದು ತಡವಾಗಲಿ. ಹಾಗೆಯೇ ಯಾರ ಮನೆಯ ಚಾಪೆಯನ್ನೋ ಬೀಸಣಿಗೆಯನ್ನೋ ಅತಿಯಾಗಿ ಹೊಗಳಬೇಡ, ಸುತ್ತಿ ನಿನ್ನ ಕೈಗೆ ಕೊಟ್ಟುಬಿಟ್ಟಾರು.

ಮೀನಿನ ವಿಷಯದಲ್ಲಿ ಮಾತ್ರ ಸಂಕೋಚವಿಲ್ಲದೆ ಕೇಳಿ. ಹವಳದಿಬ್ಬದ ಕೆಲವು ಮೀನುಗಳಲ್ಲಿ ಸಿಗುವಾಟೆರಾ ಎಂಬ ವಿಷ ಇರುತ್ತದೆ. ವಾಸನೆಯಿಂದ ತಿಳಿಯದು, ಬೇಯಿಸಿದರೂ ಹೋಗದು. ದಿಬ್ಬದ ಯಾವ ಕಡೆಯ ಮೀನು ತಿನ್ನಬಹುದು ಎಂಬುದು ಊರಿನವರಿಗೆ ಗೊತ್ತಿರುತ್ತದೆ. ನರ್ಸ್ ಎಂಬ ನಿನ್ನ ಬಿರುದು ಅಲ್ಲಿ ಕೆಲಸಕ್ಕೆ ಬಾರದು, ಗಾಳ ಹಿಡಿದ ಹತ್ತು ವರ್ಷದ ಹುಡುಗ ಹೇಳಿದ್ದನ್ನು ಕೇಳು.

ಭಾನುವಾರ ಅಳಿಯಂದಿರು ಎಂಜಿನ್ ಬಿಚ್ಚಿಕೊಂಡು ಕೂರದಿರಲಿ. ಎಲ್ಲರೂ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ನಿಮ್ಮನ್ನು ಮುಂದೆ ಕರೆದು ಹಾಡಲು ಹೇಳಿಯೇ ಹೇಳುತ್ತಾರೆ. ಆಗ ಇಂಗ್ಲಿಷ್ ಬೇಡ, ನಮ್ಮ ಸಭೆಯ ಕನ್ನಡ ಕೀರ್ತನೆ ಯಾವುದಾದರೂ ಹಾಡಿ. ಚಿಕ್ಕವನಿಗೆ ಎರಡನೆಯ ಚರಣ ಬರುವುದಿಲ್ಲ, ಕಲಿಸಿಕೊಂಡು ಹೋಗು.

ಫುನಾಫುಟಿ ತಲುಪಿದ ಮೇಲೆ ಮೊದಲು ಅಮ್ಮನಿಗೆ ಫೋನ್ ಮಾಡು, ಆಮೇಲೆ ನನಗೆ.

ಇತಿ,
ನಿನ್ನ ದೊಡ್ಡಮ್ಮ